ಏನೂ ಸಿಡಿಯದಿದ್ದರೂ ‘ಬ್ಲಾಸ್ಟ್’ ಯಾಕೆ? ಸುದ್ದಿಯಲ್ಲಿ ಈ ಪದದ ಬಳಕೆ ಬಗ್ಗೆ ನಿಮ್ಮ ಅನುಭವ ಹೇಳಿ

ರಾತ್ರಿಪಾಳಿ

ಹದಿನಾಲ್ಕು ವರ್ಷದಿಂದ ಕನ್ನಡ ಸುದ್ದಿ ಡೆಸ್ಕಿನಲ್ಲಿದ್ದೇನೆ. ಮೊದಲು ಪತ್ರಿಕೆ, ಈಗ ವೆಬ್. ಒಂದು ಪದ ತುಂಬಾ ದಿನದಿಂದ ಕಾಡುತ್ತಿದೆ. ಬ್ಲಾಸ್ಟ್.

ಕಳೆದ ವಾರ ಒಂದೇ ಪಾಳಿಯಲ್ಲಿ, ಇಂಗ್ಲಿಷ್ ಏಜೆನ್ಸಿ ಕಳಿಸಿದ ಸುದ್ದಿಗಳಲ್ಲಿ ಇದು ಐದು ಸಲ ಎದುರಾಯಿತು. ಒಂದು ಕಡೆ ಕಾರ್ಖಾನೆಯ ಬಾಯ್ಲರ್ ನಿಜವಾಗಿಯೂ ಸಿಡಿದಿತ್ತು. ಇನ್ನೊಂದು ಕಡೆ ವಿರೋಧ ಪಕ್ಷದವರು ಸರ್ಕಾರವನ್ನು ಬೈದಿದ್ದರು. ಉತ್ತರ ಭಾರತದಲ್ಲಿ ಕೊರೆಯುವ ಚಳಿಗಾಳಿ ಬೀಸಿತ್ತು. ಒಬ್ಬ ಕ್ರಿಕೆಟಿಗನ ಬಾಲ್ಯದ ಫೋಟೊ ಹೊರಗೆ ಬಂದಿತ್ತು. ನಟಿಯೊಬ್ಬರು ಗೋವಾದಲ್ಲಿ ಗೆಳತಿಯರ ಜೊತೆ ಖುಷಿಯಾಗಿ ಎರಡು ದಿನ ಕಳೆದಿದ್ದರು. ಐದಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ; ಹಳೆಯ ನೆನಪು ಮರಳಿದರೂ, ಮಜಾ ಮಾಡಿದರೂ ಅಲ್ಲಿ ಬ್ಲಾಸ್ಟ್. ನಮ್ಮಲ್ಲಿ ಈಗ ಮೊದಲ ಕರಡನ್ನು ಯಂತ್ರ ಅನುವಾದ ಮಾಡಿಕೊಡುತ್ತದೆ. ಅದು ಕೊಟ್ಟ ಶೀರ್ಷಿಕೆ: ‘ಗೋವಾದಲ್ಲಿ ಸ್ಫೋಟ ನಡೆಸಿದ ನಟಿ’. ಪ್ರಕಟವಾಗುವ ಮೊದಲು ನೋಡಿದೆ, ಸರಿಪಡಿಸಿದೆ. ಆದರೆ ರಾತ್ರಿ ಮೂರು ಗಂಟೆಗೆ, ಕಣ್ಣು ಎಳೆಯುತ್ತಿರುವಾಗ, ಪ್ರತಿ ಸಲ ಸಿಕ್ಕೇ ಸಿಗುತ್ತದೆ ಎಂಬ ಧೈರ್ಯ ನನಗಿಲ್ಲ.

ಇದನ್ನು ಬರೆಯಲು ನಿಜವಾದ ಕಾರಣ ಬೇರೆ. 2021ರ ಏಪ್ರಿಲ್. ಅಮ್ಮ ಊರಲ್ಲಿದ್ದರು, ಹಾಸನದ ಹತ್ತಿರ. ಟಿವಿಯಲ್ಲಿ ದೊಡ್ಡ ಕೆಂಪು ಅಕ್ಷರದಲ್ಲಿ ‘ಬೆಂಗಳೂರಲ್ಲಿ ಮಹಾ ಬ್ಲಾಸ್ಟ್’ ಎಂದು ಬಂತಂತೆ. ಅಮ್ಮನಿಗೆ ಕನ್ನಡಕ ಇಲ್ಲದೆ ಕೆಳಗಿನ ಸಣ್ಣ ಸಾಲು ಕಾಣುವುದಿಲ್ಲ. ನಾನು ಮೀಟಿಂಗಿನಲ್ಲಿದ್ದೆ, ಫೋನ್ ತೆಗೆಯಲಿಲ್ಲ. ಹೊರಗೆ ಬರುವ ಹೊತ್ತಿಗೆ ಹನ್ನೊಂದು ಮಿಸ್ಡ್ ಕಾಲ್. ಬ್ಲಾಸ್ಟ್ ಆಗಿದ್ದು ಅಂದಿನ ಕೊರೊನಾ ಸಂಖ್ಯೆ. 2008ರ ಬೆಂಗಳೂರು ಸರಣಿ ಸ್ಫೋಟದ ದಿನವೂ ನಾನು ಇಲ್ಲೇ ಇದ್ದೆ. ಅಮ್ಮನಿಗೆ ಅದು ನೆನಪಿತ್ತು.

ನನ್ನ ವಾದ ಇಷ್ಟೇ. ಏನಾದರೂ ನಿಜವಾಗಿ ಸಿಡಿದಾಗ ಮಾತ್ರ ಸುದ್ದಿಯಲ್ಲಿ ಬ್ಲಾಸ್ಟ್, ಸ್ಫೋಟ ಬರೆಯೋಣ. ಸಿಡಿದಿದ್ದು ಏನು ಅಂತ ಅದೇ ಸಾಲಿನಲ್ಲಿ ಹೇಳೋಣ. ನಮ್ಮ ಡೆಸ್ಕಿಗೆ ಒಂದು ಪದಪಟ್ಟಿ ಮಾಡುತ್ತಿದ್ದೇನೆ. ನಿಮ್ಮ ಕಡೆ ಈ ಪದ ಹೇಗೆ ಓಡಾಡುತ್ತಿದೆ, ಹೇಳಿ.

ಲೀಡ್ಸ್ ಕನ್ನಡಿಗ

ಇಲ್ಲಿನ ಪತ್ರಿಕೆಗಳಲ್ಲಿ ದಿನಾ ನೋಡುತ್ತೇನೆ ಮೇಡಂ. ಬ್ರಿಟನ್ನಿನ ಸಣ್ಣ ಗಾತ್ರದ ಪತ್ರಿಕೆಗಳಲ್ಲಿ ಕಾಲಂ ಕಿರಿದು, ಅಕ್ಷರ ದಪ್ಪ. ‘ಟೀಕಿಸು’ ಎಂಬುದಕ್ಕೆ ಇಂಗ್ಲಿಷಿನಲ್ಲಿ ನೇರವಾಗಿರುವ ಪದ ಒಂಬತ್ತು ಅಕ್ಷರ. ಅದು ಹಿಡಿಯುವುದಿಲ್ಲ. ಹಾಗಾಗಿ ಬ್ಲಾಸ್ಟ್, ಸ್ಲ್ಯಾಮ್, ಹಿಟ್, ರ‍್ಯಾಪ್, ಆ್ಯಕ್ಸ್ ಎಂಬ ಪುಟ್ಟ ಪದಗಳ ಒಂದು ಗುಂಪೇ ಶೀರ್ಷಿಕೆಗಾಗಿ ಬೆಳೆದಿದೆ. ಇಲ್ಲಿನವರು ಮಾತಾಡುವಾಗ ‘ನಮ್ಮ ಬಾಸ್ ನನ್ನನ್ನು ಬ್ಲಾಸ್ಟ್ ಮಾಡಿದ’ ಅಂತ ಅಷ್ಟಾಗಿ ಹೇಳುವುದಿಲ್ಲ. ಅದು ಶೀರ್ಷಿಕೆಯ ಭಾಷೆ. ಓದುಗರಿಗೂ ಗೊತ್ತು, ಇದು ಜಾಗದ ಲೆಕ್ಕ ಅಂತ. ನಾವು ಆ ಲೆಕ್ಕ ಬಿಟ್ಟು ಪದ ಮಾತ್ರ ಎತ್ತಿಕೊಂಡು ಬಂದೆವು.

ಇನ್ನೊಂದು ವಿಷಯ. ಇಲ್ಲಿನ ಕೌಂಟಿ ಟಿ20 ಟೂರ್ನಿಯ ಹೆಸರೇ ಬ್ಲಾಸ್ಟ್, 2014ರಿಂದ. ಬೇಸಿಗೆಯಲ್ಲಿ ‘ಇಂದು ರಾತ್ರಿ ಹೆಡಿಂಗ್ಲೆ ಮೈದಾನದಲ್ಲಿ ಬ್ಲಾಸ್ಟ್’ ಅಂದರೆ ಮನೆಮಂದಿಯೆಲ್ಲ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ.

ರಾತ್ರಿಪಾಳಿ

ಜಾಗದ ಮಾತು ಬಂತಲ್ಲ, ಅದನ್ನೇ ಹೇಳಬೇಕಿತ್ತು. ಕನ್ನಡದಲ್ಲಿ ಆ ನೆಪ ನಡೆಯುವುದೇ ಇಲ್ಲ. ‘ಬ್ಲಾಸ್ಟ್’ ಬರೆಯಲು ಬೇಕಾದ ಜಾಗ ನೋಡಿ. ಎರಡು ಒತ್ತು, ಕೊನೆಗೆ ಅರ್ಧಾಕ್ಷರ. ಕೆಳಗಿನ ಸಾಲಿನ ತಲೆಕಟ್ಟಿಗೆ ಒತ್ತು ತಾಗುತ್ತದೆ ಅಂತ ಪೇಜ್ ಮಾಡುವವರು ಸಾಲಿನ ಅಂತರ ಹೆಚ್ಚಿಸುತ್ತಾರೆ. ‘ಕಿಡಿ’ ಎಷ್ಟು ಸಣ್ಣದು. ‘ತರಾಟೆ’, ‘ಗರಂ’, ‘ಗದರಿಕೆ’ ಎಲ್ಲವೂ ಸಲೀಸಾಗಿ ಕೂರುತ್ತವೆ. ಇಂಗ್ಲಿಷಿನವರಿಗೆ ಅದು ಅನಿವಾರ್ಯ. ನಮಗೆ ಅದು ಬರೀ ಅಭ್ಯಾಸ.

ಕೋರ್ಟ್ ಬೀಟ್

‘ಕಿಡಿ’, ‘ತರಾಟೆ’ ಹಾಕಿದರೆ ಸಮಸ್ಯೆ ಮುಗಿಯಿತು ಅಂದುಕೊಳ್ಳಬೇಡಿ. ನಾನು ಹೈಕೋರ್ಟ್ ವರದಿ ಮಾಡುತ್ತೇನೆ. ನ್ಯಾಯಮೂರ್ತಿಗಳು ಸರ್ಕಾರಿ ವಕೀಲರನ್ನು ‘ಈ ಅಫಿಡವಿಟ್ ಯಾಕೆ ತಡ ಆಯಿತು?’ ಎಂದು ಶಾಂತವಾಗಿ ಕೇಳಿರುತ್ತಾರೆ. ಸಂಜೆ ನನ್ನ ವರದಿಗೆ ‘ಹೈಕೋರ್ಟ್ ತಪರಾಕಿ’ ಎಂಬ ಶೀರ್ಷಿಕೆ ಬಿದ್ದಿರುತ್ತದೆ. ಇಲ್ಲವೇ ‘ಚಾಟಿ ಬೀಸಿದ ಹೈಕೋರ್ಟ್’. ಕೇಳಿದ್ದು ಒಂದು ಪ್ರಶ್ನೆ. ತಪರಾಕಿ ಅಂದರೆ ಕೆನ್ನೆಗೆ ಏಟು.

ಕನ್ನಡದಲ್ಲಿ ಬೈಗುಳಕ್ಕೆ ಎಷ್ಟು ಮೆಟ್ಟಿಲಿದೆ ನೋಡಿ. ಕೇಳಿದರು, ಆಕ್ಷೇಪಿಸಿದರು, ಗದರಿದರು, ಹರಿಹಾಯ್ದರು, ಚಳಿ ಬಿಡಿಸಿದರು, ಝಾಡಿಸಿದರು. ಒಂದೊಂದಕ್ಕೂ ಒಂದೊಂದು ಬಿಸಿ. ಬ್ಲಾಸ್ಟ್ ಎಲ್ಲವನ್ನೂ ಒಂದೇ ಮೆಟ್ಟಿಲಿಗೆ ತಂದುಬಿಡುತ್ತದೆ. ನಿಮ್ಮ ಪಟ್ಟಿಯಲ್ಲಿ ಪದಗಳನ್ನು ಸುಮ್ನೆ ಸಾಲಾಗಿ ಹಾಕಬೇಡಿ, ಬಿಸಿಯ ಪ್ರಕಾರ ಹಾಕಿ. ವರದಿಗಾರ ಏನು ಕೇಳಿಸಿಕೊಂಡ ಅಂತ ಡೆಸ್ಕಿನವರು ಒಂದು ಫೋನ್ ಮಾಡಿ ಕೇಳಿದರೆ ಸಾಕು.

ಗದ್ದೆ ಬದು

ನಾನು ಮಂಡ್ಯ ಕಡೆಯವನು, ಭತ್ತ ರಾಗಿ ಬೆಳೆಯುತ್ತೇನೆ. ಒಂದು ವೆಬ್ ಸುದ್ದಿತಾಣದಲ್ಲಿ ಹಿಂದೆ ‘ಭತ್ತದ ಗದ್ದೆಗಳಲ್ಲಿ ಸ್ಫೋಟದ ಭೀತಿ, ರೈತರಿಗೆ ಎಚ್ಚರಿಕೆ’ ಅಂತ ಬಂದಿತ್ತು. ನಮ್ಮ ಹಟ್ಟಿಯಲ್ಲಿ ಎಲ್ಲರೂ ಓದಿದರು. ಯಾರಿಗೂ ಅರ್ಥ ಆಗಲಿಲ್ಲ. ಕಾಡುಹಂದಿಗೆ ಇಡುವ ಸಿಡಿಮದ್ದು ಎಲ್ಲೋ ಗದ್ದೆಯಲ್ಲಿ ಸಿಕ್ಕಿರಬೇಕು ಅಂತ ಒಬ್ಬರು ಹೇಳಿದರು. ಎರಡು ದಿನ ಹೆಂಗಸರು ಕಳೆ ಕೀಳಲು ಇಳಿಯಲಿಲ್ಲ.

ಆಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದಾಗ ಗೊತ್ತಾಯಿತು. ಅದು ಬೆಂಕಿ ರೋಗ. ಇಂಗ್ಲಿಷಿನಲ್ಲಿ ಅದಕ್ಕೆ ಬ್ಲಾಸ್ಟ್ ಅಂತಾರಂತೆ.

ಬೆಂಕಿ ರೋಗ ಅಂದಿದ್ದರೆ ನಮಗೆ ಕೂಡಲೇ ತಿಳಿಯುತ್ತಿತ್ತು. ಅದು ಒಂದು ಶಿಲೀಂಧ್ರದಿಂದ ಬರುವ ರೋಗ. ಎಲೆ ಮೇಲೆ ಕಣ್ಣಿನ ಆಕಾರದ ಚುಕ್ಕೆ ಬರುತ್ತದೆ, ಎರಡೂ ತುದಿ ಚೂಪು, ನಡುವೆ ಬೂದಿ ಬಣ್ಣ, ಸುತ್ತ ಕಂದು. ಮೋಡ, ಇಬ್ಬನಿ, ತಂಪು ರಾತ್ರಿ ಇದ್ದರೆ ಬೇಗ ಹರಡುತ್ತದೆ. ಯೂರಿಯಾ ಜಾಸ್ತಿ ಹಾಕಿದ ಗದ್ದೆಗೆ ಮೊದಲು ಬರುತ್ತದೆ. ದೂರದಿಂದ ನೋಡಿದರೆ ಪೈರು ಸುಟ್ಟ ಹಾಗೇ ಕಾಣುತ್ತದೆ, ಅದಕ್ಕೇ ಆ ಹೆಸರು. ತೆನೆಯ ಕುತ್ತಿಗೆಗೆ ಬಂದರೆ ಕಾಳು ಕಟ್ಟುವುದಿಲ್ಲ, ಬರೀ ಜೊಳ್ಳು. ರಾಗಿಗೂ ಇದು ಬರುತ್ತದೆ. ಜಿಪಿಯು-28 ರಾಗಿ ನಮ್ಮ ಕಡೆ ಇಷ್ಟು ನಿಂತಿದ್ದೇ ಈ ರೋಗ ತಡೆಯುತ್ತದೆ ಅಂತ.

ಆ ಎರಡು ದಿನ ನಾವು ಔಷಧಿ ಹೊಡೆಯುವ ದಿನ ಆಗಬೇಕಿತ್ತು. ಒಂದು ಪದದಿಂದ ಅದು ಹೋಯಿತು. ಇದು ನಿಮ್ಮ ಪಟ್ಟಿಯಲ್ಲಿ ಖಂಡಿತ ಇರಲಿ ಅಕ್ಕ.

ರಾತ್ರಿಪಾಳಿ

ಖಂಡಿತ ಅಣ್ಣ. ಇದು ನನಗೂ ಗೊತ್ತಿರಲಿಲ್ಲ. ಬೈಗುಳಕ್ಕೆ, ಮೋಜಿಗೆ ಎಚ್ಚರವಾಗಿರುತ್ತಿದ್ದೆ. ಬೆಳೆರೋಗ ಬಂದಿದ್ದರೆ ನಾನೂ ಜಾರುತ್ತಿದ್ದೆನೇನೋ.

ಲ್ಯಾಬ್ ಕೋಟು

ನಾನು ರಕ್ತ ಪರೀಕ್ಷೆಯ ಪ್ರಯೋಗಾಲಯದಲ್ಲಿ ತಂತ್ರಜ್ಞೆ. ನಮ್ಮ ವರದಿಗಳಲ್ಲೂ ಬ್ಲಾಸ್ಟ್ ಇದೆ. ಮೂಳೆಯ ಮಜ್ಜೆಯಲ್ಲಿ ಇನ್ನೂ ಬಲಿಯದ ಎಳೆ ಕೋಶಗಳಿಗೆ ಆ ಹೆಸರು. ಆರೋಗ್ಯವಂತರ ಮಜ್ಜೆಯಲ್ಲೂ ಅವು ಇರುತ್ತವೆ, ಶೇ 5ಕ್ಕಿಂತ ಕಡಿಮೆ. ಶೇ 20 ಅಥವಾ ಅದಕ್ಕಿಂತ ಹೆಚ್ಚಾದರೆ ಸಾಮಾನ್ಯವಾಗಿ ತೀವ್ರ ರಕ್ತ ಕ್ಯಾನ್ಸರ್ ಎಂದು ವೈದ್ಯರು ಗುರುತಿಸುತ್ತಾರೆ.

ಒಂದು ಸಲ ಒಬ್ಬ ತಂದೆ ಮಗಳ ವರದಿ ಹಿಡಿದುಕೊಂಡು ಬಂದರು. ‘ಬ್ಲಾಸ್ಟ್ ಶೇ 2’ ಅಂತಿತ್ತು. ಅದು ಸಹಜ. ಆದರೆ ಅವರು ಒಳಗೆ ಏನೋ ಒಡೆದುಹೋಗಿದೆ ಅಂದುಕೊಂಡು ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ. ವೈದ್ಯರು ಬರುವತನಕ ಅವರ ಪಕ್ಕದಲ್ಲೇ ಕೂತಿದ್ದೆ.

ಈ ಪದಕ್ಕೂ ಸಿಡಿಯುವ ಬ್ಲಾಸ್ಟಿಗೂ ನೆಂಟಸ್ತಿಕೆಯೇ ಇಲ್ಲ. ಇದು ಗ್ರೀಕಿನಿಂದ ಬಂದಿದ್ದು. ಅಲ್ಲಿ ಅರ್ಥ ಮೊಳಕೆ, ಚಿಗುರು. ಮೂಳೆ ಕಟ್ಟುವ ಕೋಶದ ಹೆಸರಿನ (ಆಸ್ಟಿಯೊಬ್ಲಾಸ್ಟ್) ಬಾಲದಲ್ಲಿರುವ ‘ಬ್ಲಾಸ್ಟ್’ ಕೂಡ ಅದೇ. ಆರೋಗ್ಯ ಪುಟಕ್ಕೆ ‘ಎಳೆ ಕೋಶ’ ಅಂತ ಬರೆದರೆ ಎಲ್ಲರಿಗೂ ತಿಳಿಯುತ್ತದೆ.

ತಿದಿ

ಸಿಡಿಯುವ ಬ್ಲಾಸ್ಟ್ ಕೂಡ ಮೊದಲು ಸಿಡಿಯುತ್ತಿರಲಿಲ್ಲ! ಹಳೆಯ ಇಂಗ್ಲಿಷಿನಲ್ಲಿ ಅದು ಜೋರಾಗಿ ಬೀಸುವ ಗಾಳಿ. ಊದು ಎಂಬರ್ಥದ ಪದದ ಮನೆಯದ್ದು. ಕಹಳೆ ಊದಿದರೂ ಬ್ಲಾಸ್ಟ್. ಬಂಡೆಗೆ ಮದ್ದು ಹಾಕಿ ಒಡೆಯುವ ಅರ್ಥ ಸೇರಿದ್ದು ಸುಮಾರು 17ನೇ ಶತಮಾನದಲ್ಲಿ.

ನಾನು ಭದ್ರಾವತಿಯವನು, ಅದಕ್ಕೇ ಈ ಗಾಳಿಯ ಅರ್ಥ ಹತ್ತಿರ. ಮೈಸೂರು ಸಂಸ್ಥಾನದ ಕಾಲದಲ್ಲಿ, 1918ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು. 1923ರಲ್ಲಿ ಕುಲುಮೆ ಹೊತ್ತಿತು. ಕಲ್ಲಿದ್ದಲು ಹತ್ತಿರ ಇರಲಿಲ್ಲ, ಮಲೆನಾಡಿನ ಮರ ಸುಟ್ಟ ಇದ್ದಿಲಿನಿಂದ ಅದಿರು ಕರಗಿಸುತ್ತಿದ್ದರು. ಆ ಕುಲುಮೆಯ ಇಂಗ್ಲಿಷ್ ಹೆಸರು ಬ್ಲಾಸ್ಟ್ ಫರ್ನೇಸ್. ಶಾಲೆಯ ಪುಸ್ತಕದಲ್ಲಿ ‘ಊದು ಕುಲುಮೆ’ ಅಂತ ಓದಿದ್ದೇವೆ. ಎಷ್ಟು ಸರಿಯಾದ ಪದ! ಕಮ್ಮಾರಸಾಲೆಯಲ್ಲಿ ತಿದಿ ಒತ್ತಿ ಗಾಳಿ ಊದುತ್ತಿದ್ದರಲ್ಲ, ಅದೇ ಕೆಲಸ, ದೊಡ್ಡ ಅಳತೆಯಲ್ಲಿ. ಫ್ಯಾನನ್ನು ‘ಫುಲ್ ಬ್ಲಾಸ್ಟ್’ ಇಡು ಅಂತೀವಲ್ಲ, ಆ ಮಾತೂ ಕುಲುಮೆಯಿಂದಲೇ ಬಂದಿದ್ದು.

ಹಾಗಾಗಿ ‘ಬ್ಲಾಸ್ಟ್ ಫರ್ನೇಸ್ ಬಂದ್’ ಎಂಬ ಸುದ್ದಿಗೆ ‘ಸ್ಫೋಟ ಕುಲುಮೆ’ ಅಂತ ಬರೆದರೆ ಕಾರ್ಖಾನೆ ಊರಿನ ನನ್ನಂಥವನ ಎದೆ ಹೊಡೆದುಕೊಳ್ಳುತ್ತದೆ. ನಮ್ಮ ಮನೆಗಳಿಂದ ಜನ ಅಲ್ಲಿ ಪಾಳಿಗೆ ಹೋಗುತ್ತಿದ್ದರು.

ಮಲ್ಪೆ ಬಂದರು

ನಮ್ಮಲ್ಲಿ ಮೀನು ಗಟ್ಟಿ ಮಾಡುವ ಬ್ಲಾಸ್ಟ್ ಫ್ರೀಜರ್ ಇದೆ. ಅದೂ ಗಾಳಿಯೇ, ತಣ್ಣನೆಯದು. ಈಗ ಗೊತ್ತಾಯಿತು ಯಾಕೆ ಆ ಹೆಸರು ಅಂತ.

ಹುಣಸೋಡು ಹತ್ತಿರದವ

ಎಲ್ಲರೂ ಪದದ ಹುಟ್ಟು ಹೇಳುತ್ತಿದ್ದೀರಿ. ನಾನು ಒಂದು ರಾತ್ರಿ ಹೇಳುತ್ತೇನೆ.

2021ರ ಜನವರಿ 21, ಗುರುವಾರ, ಶಿವಮೊಗ್ಗ ಹತ್ತಿರದ ನಮ್ಮೂರು. ಊಟ ಮುಗಿಸಿ ಮಲಗುವ ಹೊತ್ತು. ಮೊದಲು ನೆಲ ನಡುಗಿತು. ಆಮೇಲೆ ಸದ್ದು. ಕಿಟಕಿ ಗಾಜು ಉದುರಿತು. ಅಜ್ಜಿಯನ್ನು ಎತ್ತಿಕೊಂಡು ಹೊರಗೆ ಓಡಿದೆವು. ಇಡೀ ಬೀದಿ ಹೊರಗಿತ್ತು. ಎಲ್ಲರ ಬಾಯಲ್ಲೂ ಒಂದೇ ಮಾತು, ಭೂಕಂಪ. ಚಿಕ್ಕಮಗಳೂರು, ದಾವಣಗೆರೆ ಕಡೆಯಿಂದಲೂ ನೆಂಟರು ಫೋನ್ ಮಾಡಿ ನಮಗೂ ನಡುಗಿತು ಅಂದರು. ಮತ್ತೆ ನಡುಗುತ್ತದೆ ಅಂತ ಯಾರೂ ಒಳಗೆ ಹೋಗಲಿಲ್ಲ. ಚಳಿಯಲ್ಲಿ ಅಜ್ಜಿ ನಡುಗುತ್ತಿದ್ದಳು. ಆ ಹೊತ್ತಿನಲ್ಲಿ ನಾನು ಫೋನ್ ಒತ್ತಿ ಒತ್ತಿ ನೋಡುತ್ತಿದ್ದೆ, ಯಾರಾದರೂ ಏನಾದರೂ ಬರೆದಿದ್ದಾರಾ ಅಂತ. ಭೂಕಂಪವಾ, ಅಲ್ಲವಾ? ಒಳಗೆ ಹೋಗಬಹುದಾ, ಬೇಡವಾ?

ತುಂಬಾ ತಡವಾಗಿ ಗೊತ್ತಾಯಿತು, ಕಲ್ಲು ಕ್ವಾರಿಯ ಹತ್ತಿರ ಲಾರಿಯಲ್ಲಿದ್ದ ಜಿಲೆಟಿನ್ ಸಿಡಿದಿದೆ ಅಂತ. ಜನ ಸತ್ತಿದ್ದರು.

ಮೇಡಂ, ಸಿಡಿದಿದ್ದು ಏನು ಅಂತ ಗೊತ್ತಾದ ಮೇಲೆ ಬರೆಯಬೇಕು ಎನ್ನುವ ನಿಮ್ಮ ನಿಯಮ ನನಗೆ ಕಷ್ಟ. ಆ ರಾತ್ರಿ ನನಗೆ ಬೇಗ ಬೇಕಿತ್ತು. ‘ಬ್ಲಾಸ್ಟ್’ ಅಂತ ಒಂದೇ ಪದ ಬಂದಿದ್ದರೂ ಅಜ್ಜಿಯನ್ನು ಒಳಗೆ ಮಲಗಿಸುತ್ತಿದ್ದೆ.

ರಾತ್ರಿಪಾಳಿ

ನಿಮ್ಮ ಮಾತು ಓದಿ ತುಂಬಾ ಹೊತ್ತು ಸುಮ್ಮನಿದ್ದೆ. ನೀವು ಹೇಳಿದ್ದು ಸರಿ. ನನ್ನ ನಿಯಮ ಡೆಸ್ಕಿನಲ್ಲಿ ಕೂತು ಮಾಡಿದ್ದು.

ಆದರೆ ಆ ಹೊತ್ತಿಗೆ ಡೆಸ್ಕಿಗೆ ಗೊತ್ತಿರುವುದೂ ನಿಮಗೆ ಗೊತ್ತಿರುವಷ್ಟೇ. ಸದ್ದು ಬಂತು, ನೆಲ ನಡುಗಿತು. ಅದನ್ನೇ ಬರೆಯಬಹುದಲ್ವಾ? ‘ಶಿವಮೊಗ್ಗದಲ್ಲಿ ಭಾರಿ ಸದ್ದು, ನಡುಗಿದ ಮನೆಗಳು, ಕಾರಣ ಇನ್ನೂ ತಿಳಿದಿಲ್ಲ’. ಇಷ್ಟನ್ನು ಹತ್ತು ನಿಮಿಷದಲ್ಲಿ ಹಾಕಬಹುದು. ಭೂಕಂಪ ಅಲ್ಲ ಅಂತ ಖಚಿತವಾದ ತಕ್ಷಣ ಅದೊಂದೇ ಸಾಲನ್ನು ಹಾಕಬೇಕು. ಎಷ್ಟು ಜನ, ಯಾರ ತಪ್ಪು ಎಂಬುದು ಆಮೇಲೆ.

ಹುಣಸೋಡು ಹತ್ತಿರದವ

ಹೌದು. ‘ಭೂಕಂಪ ಅಲ್ಲ’. ಅಷ್ಟೇ ಬೇಕಿತ್ತು.

ನಾಗುರಿ ರಸ್ತೆ

ಮಂಗಳೂರಿನಿಂದ ಬರೆಯುತ್ತಿದ್ದೇನೆ. ಇದಕ್ಕೆ ಇನ್ನೊಂದು ಮುಖ ಇದೆ. 2022ರ ನವೆಂಬರ್ 19ರ ಸಂಜೆ ನಮ್ಮ ಕಡೆ ಓಡುತ್ತಿದ್ದ ಆಟೊದಲ್ಲಿ ಸಿಡಿತ ಆಯಿತು. ಮೊದಲು ಆಟೊಗೆ ಬೆಂಕಿ ಬಿತ್ತು ಅಂತಲೇ ಎಲ್ಲರೂ ಹೇಳಿದರು. ಮರುದಿನ ರಾಜ್ಯದ ಪೊಲೀಸ್ ಮುಖ್ಯಸ್ಥರೇ ಇದು ಆಕಸ್ಮಿಕ ಅಲ್ಲ, ಭಯೋತ್ಪಾದಕ ಕೃತ್ಯ ಎಂದು ಖಚಿತಪಡಿಸಿದರು. ಸ್ಫೋಟಕವನ್ನು ಪ್ರೆಷರ್ ಕುಕ್ಕರಿನಲ್ಲಿ ಇಟ್ಟಿದ್ದರು.

ಆದರೆ ಆ ಪ್ರಕರಣಕ್ಕೆ ಅಂಟಿದ ಹೆಸರು ‘ಕುಕ್ಕರ್ ಬ್ಲಾಸ್ಟ್’. ಸುದ್ದಿ ನೋಡದ ನಮ್ಮ ಚಿಕ್ಕಮ್ಮ ಆಮೇಲೆ ತಿಂಗಳುಗಟ್ಟಲೆ ಕುಕ್ಕರ್ ಗ್ಯಾಸ್ಕೆಟ್ ಬಗ್ಗೆ ಮಾತಾಡುತ್ತಿದ್ದರು. ಬ್ಲಾಸ್ಟ್ ಎಂಬ ಪದದಲ್ಲಿ ಮಾಡಿದವರು ಇರುವುದಿಲ್ಲ. ತಾನಾಗಿ ಆಯಿತೋ, ಯಾರಾದರೂ ಮಾಡಿದರೋ, ಎರಡಕ್ಕೂ ಅದೇ ಪದ. ‘ಕುಕ್ಕರ್ ಬಾಂಬ್’ ಅಂತ ಬರೆದವರೂ ಇದ್ದರು. ಅದು ಸರಿ. ಗಾಯಗೊಂಡ ಆಟೊ ಚಾಲಕರನ್ನು ನೆನೆದರೆ, ಅಡುಗೆಮನೆಯ ಅಪಘಾತದಂತೆ ಕೇಳುವ ಹೆಸರು ನನಗೆ ನೋವು ಕೊಡುತ್ತದೆ.

ಕೋರ್ಟ್ ಬೀಟ್

ಇದು ಈ ಚರ್ಚೆಯ ಬಹಳ ಮುಖ್ಯ ಮಾತು. ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲೂ ಹೀಗೇ ಆಯಿತು, 2024ರ ಮಾರ್ಚ್ 1. ಮಧ್ಯಾಹ್ನ ಮೊದಲಿಗೆ ಸಿಲಿಂಡರ್ ಇರಬಹುದು ಅಂತ ಓಡಾಡಿತು. ಸಂಜೆಯ ಹೊತ್ತಿಗೆ ಐಇಡಿ, ಅಂದರೆ ಕೈಯಾರೆ ತಯಾರಿಸಿದ ಬಾಂಬ್ ಎಂದು ಖಚಿತವಾಯಿತು. ಸಿಲಿಂಡರ್ ಅಂದ ಕೂಡಲೇ ತಪ್ಪು ಹೋಟೆಲಿನವರ ಮೇಲೆ ಬೀಳುತ್ತದೆ. ಬಾಂಬ್ ಅಂದ ಕೂಡಲೇ ಊರೆಲ್ಲ ಬೇರೆ ಥರ ನಡೆದುಕೊಳ್ಳುತ್ತದೆ. ಖಚಿತವಾಗುವ ತನಕ ‘ಸ್ಫೋಟ, ಕಾರಣ ತನಿಖೆಯಲ್ಲಿ’ ಅಂತ ನಿಲ್ಲಿಸುವುದೇ ಸರಿ. ಖಚಿತವಾದ ಮೇಲೆ ಹಳೆಯ ಶೀರ್ಷಿಕೆ ಹಾಗೇ ಉಳಿಯಬಾರದು. ವೆಬ್‌ನಲ್ಲಿ ಅದನ್ನು ಬದಲಿಸಲು ಒಂದು ನಿಮಿಷ ಸಾಕು. ಬದಲಿಸುವವರು ಕಡಿಮೆ.

ಪೂರ್ವ ಗ್ಯಾಲರಿ

ನಾನು ಕ್ರಿಕೆಟ್ ಪರ ವಾದಿಸಲು ಬಂದಿದ್ದೇನೆ. ‘ಸ್ಫೋಟಕ ಬ್ಯಾಟಿಂಗ್’ ಕೂಡ ಬೇಡ ಅಂತೀರಾ? 2013ರ ಏಪ್ರಿಲ್ 23, ಚಿನ್ನಸ್ವಾಮಿ ಕ್ರೀಡಾಂಗಣ. ಕ್ರಿಸ್ ಗೇಲ್ 66 ಎಸೆತಕ್ಕೆ ಔಟಾಗದೆ 175. ಶತಕ ಬಂದಿದ್ದು 30ನೇ ಎಸೆತಕ್ಕೆ. 17 ಸಿಕ್ಸರ್. ನಾನು ಅಲ್ಲಿದ್ದೆ. ಅದನ್ನು ಬೇರೆ ಯಾವ ಪದದಲ್ಲಿ ಹೇಳುತ್ತೀರಿ?

ನಾಗುರಿ ರಸ್ತೆ

ಅದಕ್ಕೆ ಆರು ದಿನ ಮೊದಲು, ಏಪ್ರಿಲ್ 17ರಂದು, ಅದೇ ಊರಿನ ಮಲ್ಲೇಶ್ವರದಲ್ಲಿ ಬೈಕಿನಲ್ಲಿಟ್ಟ ಬಾಂಬ್ ಸಿಡಿದಿತ್ತು. 2010ರ ಏಪ್ರಿಲ್ 17ರಂದು ನಿಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ಪಂದ್ಯಕ್ಕೆ ಮೊದಲು ಬಾಂಬ್ ಸಿಡಿದಿತ್ತು. 2013ರ ಆ ವಾರದ ಪತ್ರಿಕೆಯಲ್ಲಿ ಮುಖಪುಟದಲ್ಲೂ ಸ್ಫೋಟ, ಕ್ರೀಡಾಪುಟದಲ್ಲೂ ಸ್ಫೋಟ. ಗಾಯಗೊಂಡವರ ಮನೆಯವರು ಆ ಎರಡು ಪುಟವನ್ನೂ ತಿರುಗಿಸಿರುತ್ತಾರೆ.

ಪೂರ್ವ ಗ್ಯಾಲರಿ

2010ರ ಪಂದ್ಯ ಒಂದು ಗಂಟೆ ತಡವಾಗಿ ಶುರುವಾಗಿದ್ದು ನೆನಪಿದೆ. ಈ ಎರಡನ್ನೂ ಜೊತೆಗಿಟ್ಟು ನಾನು ಯೋಚಿಸಿರಲಿಲ್ಲ. ಆದರೂ ಕ್ರಿಕೆಟ್ಟಿನಲ್ಲಿ ಯಾರೂ ಹೆದರುವುದಿಲ್ಲ, ಪಕ್ಕದಲ್ಲೇ ‘ಬ್ಯಾಟಿಂಗ್’ ಇರುತ್ತದೆ. ಆ ಪದವನ್ನು ಬಿಡಲು ನನ್ನ ಮನಸ್ಸು ಒಪ್ಪುತ್ತಿಲ್ಲ.

ಅರಳು

ಸಂಸ್ಕೃತ ಕಲಿಸುತ್ತೇನೆ. ‘ಸ್ಫೋಟ’ದ ಪರವಾಗಿ ಒಂದು ಮಾತು. ಅದರ ಧಾತುವಿಗೆ ಒಡೆ, ಬಿರಿ ಎಂಬ ಅರ್ಥದ ಜೊತೆಗೆ ಮೊಗ್ಗು ಅರಳು ಎಂಬ ಅರ್ಥವೂ ಇದೆ. ಪದ ಕೇಳಿದ ಕ್ಷಣದಲ್ಲಿ ಅರ್ಥ ಮನಸ್ಸಿನಲ್ಲಿ ಒಮ್ಮೆಲೇ ತೆರೆದುಕೊಳ್ಳುತ್ತದಲ್ಲ, ಅದಕ್ಕೆ ಭರ್ತೃಹರಿ ಮತ್ತಿತರ ವ್ಯಾಕರಣಕಾರರು ಕೊಟ್ಟ ಹೆಸರೇ ಸ್ಫೋಟ. ಲ್ಯಾಬ್ ಕೋಟು ಅವರು ಹೇಳಿದ ಗ್ರೀಕ್ ಮೊಳಕೆ ಓದಿದಾಗ ಇದು ನೆನಪಾಯಿತು. ಎರಡಕ್ಕೂ ಸಂಬಂಧ ಇದೆ ಅಂತ ಹೇಳುತ್ತಿಲ್ಲ.

ನನಗೆ ಬೇಸರ ತರುವುದು ‘ಭಿನ್ನಮತ ಸ್ಫೋಟ’. ಯಾವ ಪಕ್ಷದಲ್ಲಿ ಟಿಕೆಟ್ ಹಂಚಿದರೂ ಸ್ಫೋಟವೇ. ಇಬ್ಬರು ಶಾಸಕರು ಸಭೆಗೆ ಬಾರದಿದ್ದರೆ ‘ಅಸಮಾಧಾನ ಸ್ಫೋಟ’. ಹೇಳಿಕೆ ಸ್ಫೋಟಕ, ಮಾಹಿತಿ ಸ್ಫೋಟಕ, ತಿರುವು ಸ್ಫೋಟಕ. ‘ಭಿನ್ನಮತ ಬಯಲಿಗೆ’ ಅಂದರೆ ಸಾಕಲ್ವಾ? ಮುಚ್ಚಿಟ್ಟಿದ್ದು ಹೊರಗೆ ಬಂತು ಅನ್ನುವುದು ಅದರಲ್ಲಿ ಇನ್ನೂ ಚೆನ್ನಾಗಿದೆ.

ರಾತ್ರಿಪಾಳಿ

ಅಮ್ಮನ ಫೋನಿನ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಆಮೇಲೆ ನಾನು ನಮ್ಮದೇ ಹಳೆಯ ಶೀರ್ಷಿಕೆಗಳನ್ನು ಹಿಂದಕ್ಕೆ ಹೋಗಿ ನೋಡಿದೆ. 2020ರ ಬೇಸಿಗೆಯಲ್ಲಿ, ಒಂದು ಜಿಲ್ಲೆಯಲ್ಲಿ ಹತ್ತಿಪ್ಪತ್ತು ಪ್ರಕರಣ ಬಂದಾಗಲೇ ‘ಕೊರೊನಾ ಸ್ಫೋಟ’ ಅಂತ ಹಾಕಿದ್ದೆವು. ನೂರಾದಾಗ ‘ಮಹಾ ಸ್ಫೋಟ’. 2021ರ ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಪ್ರಕರಣ ಬಂದವು. ಆ ದಿನ ಡೆಸ್ಕಿನಲ್ಲಿ ಕೂತವರ ಕೈಯಲ್ಲಿ ಪದವೇ ಉಳಿದಿರಲಿಲ್ಲ. ಇದ್ದ ದೊಡ್ಡ ಪದವನ್ನು ಹತ್ತು ಪ್ರಕರಣಕ್ಕೇ ಖರ್ಚು ಮಾಡಿದ್ದೆವು. ಕೊನೆಗೆ ಬರೀ ಸಂಖ್ಯೆ ಹಾಕಿದೆವು. ಓದುಗರು ಆ ಸಂಖ್ಯೆಯನ್ನು ಓದಿದರು.

ಗದ್ದೆ ಬದು

ಪಾಂಡವಪುರದ ಬೇಬಿ ಬೆಟ್ಟದಲ್ಲಿ ಪರೀಕ್ಷೆಗೆ ಬಂಡೆ ಸಿಡಿಸುವ ‘ಟ್ರಯಲ್ ಬ್ಲಾಸ್ಟ್’ ಬಗ್ಗೆ ಏನು ಮಾಡುತ್ತೀರಿ? ಅದು ಎಲ್ಲ ಪತ್ರಿಕೆಯಲ್ಲೂ ಹಾಗೇ ಬಂತು. ಕೆಆರ್‌ಎಸ್ ಅಣೆಕಟ್ಟೆಗೆ ಅಪಾಯ ಅಂತ ನಾವು ಬೀದಿಗೆ ಇಳಿದಾಗ ಬೋರ್ಡಿನಲ್ಲಿ ಬರೆದಿದ್ದೂ ಅದೇ. ಆಮೇಲೆ 2024ರ ಜನವರಿಯಲ್ಲಿ ಹೈಕೋರ್ಟ್ ಅಣೆಕಟ್ಟೆಯ ಸುತ್ತ 20 ಕಿ.ಮೀ. ಒಳಗೆ ಗಣಿಗಾರಿಕೆ ಬೇಡ ಅಂತ ಆದೇಶ ಕೊಟ್ಟಿತು.

ರಾತ್ರಿಪಾಳಿ

ಅದನ್ನು ತೆಗೆಯುವುದಿಲ್ಲ ಅಣ್ಣ. ಅಲ್ಲಿ ನಿಜವಾಗಿ ಬಂಡೆ ಸಿಡಿಸುವ ವಿಷಯ. ನೀವೇ ಹೋರಾಟದಲ್ಲಿ ಬಳಸಿದ ಪದ. ಕಂಸ ಇಲ್ಲದೆ ಹಾಗೇ ಇರಲಿ.

ಲೀಡ್ಸ್ ಕನ್ನಡಿಗ

ಮೇಡಂ, ಪಟ್ಟಿ ಸಿದ್ಧವಾದರೆ ಇಲ್ಲಿ ಹಾಕಿ. ಇಲ್ಲಿನ ನಮ್ಮ ಕನ್ನಡ ಕೂಟದ ಪತ್ರಿಕೆಗೂ ಬೇಕು.

ರಾತ್ರಿಪಾಳಿ

ಇವತ್ತಿನ ಸಭೆಯಲ್ಲಿ ಇಟ್ಟೆ. ಒಪ್ಪಿಗೆ ಆಗಿದ್ದು: ಬೈದರೆ, ವರದಿಗಾರ ಕೇಳಿಸಿಕೊಂಡ ಬಿಸಿಗೆ ತಕ್ಕ ಪದ. ಬೆಳೆಗೆ ಬಂದರೆ ಬೆಂಕಿ ರೋಗ. ರಕ್ತದಲ್ಲಿದ್ದರೆ ಎಳೆ ಕೋಶ. ಕಾರ್ಖಾನೆಯಲ್ಲಿ ಊದು ಕುಲುಮೆ. ಕಾರಣ ತಿಳಿಯದ ಹೊತ್ತಿನಲ್ಲಿ ‘ಭಾರಿ ಸದ್ದು’ ಅಥವಾ ‘ಸ್ಫೋಟ, ಕಾರಣ ತನಿಖೆಯಲ್ಲಿ’. ಖಚಿತವಾದ ಕೂಡಲೇ ಬಾಂಬ್, ಸಿಲಿಂಡರ್, ಬಾಯ್ಲರ್ ಎಂದು ಬದಲಿಸಬೇಕು, ಬದಲಿಸಿದ ಹೊತ್ತನ್ನೂ ಕೆಳಗೆ ಬರೆಯಬೇಕು. ಸಂಖ್ಯೆಗೆ ಸ್ಫೋಟ ಇಲ್ಲ. ‘ಭಿನ್ನಮತ ಸ್ಫೋಟ’ದ ಬಗ್ಗೆ ರಾಜಕೀಯ ವರದಿಗಾರರು ಅರ್ಧ ಮನಸ್ಸಿನಿಂದ ಹೂಂ ಅಂದರು.

ಕ್ರೀಡಾಪುಟದವರು ಒಪ್ಪಲಿಲ್ಲ. ನಾಗುರಿ ರಸ್ತೆ ಅವರು ಹೇಳಿದ 2013ರ ಆ ವಾರದ ಪುಟಗಳನ್ನು ಲೈಬ್ರರಿಯಿಂದ ತೆಗೆಸಿದ್ದೇನೆ. ನಾಳೆ ಅವರ ಮೇಜಿನ ಮೇಲೆ ಇಡುತ್ತೇನೆ.

ಪೂರ್ವ ಗ್ಯಾಲರಿ

ಅವರು ಏನಂದರು ಅಂತ ಬರೆಯಿರಿ. ಕಾಯುತ್ತಿರುತ್ತೇನೆ.